ಫ್ರಿಡ್ಜಿಗೆ ಹೊಸ ಬಿಡಿಭಾಗ ತರುವ ಮೊದಲು: ಕೆಟ್ಟದ್ದು ಯಾವುದೆಂದು ಕಂಡುಹಿಡಿಯುವ ಬಗೆ

ಮನೆಯ ಫ್ರಿಡ್ಜ್ ತಣ್ಣಗಾಗುವುದನ್ನು ನಿಲ್ಲಿಸಿದ ಕೂಡಲೇ ಎರಡು ಮಾತುಗಳು ಕೇಳಿಬರುತ್ತವೆ: ‘ಗ್ಯಾಸ್ ಹೋಗಿದೆ’, ಇಲ್ಲವೇ ‘ಕಂಪ್ರೆಸರ್ ಹೋಗಿದೆ’. ಫ್ರಿಡ್ಜಿನ ದುರಸ್ತಿಗಳಲ್ಲಿ ಅತ್ಯಂತ ದುಬಾರಿಯಾದವು ಇವೇ. ಇನ್ನೂ ಹತ್ತು ವರ್ಷ ನಡೆಯಬಹುದಾದ ಫ್ರಿಡ್ಜುಗಳು ಗುಜರಿ ಸೇರುವುದಕ್ಕೂ ಎಷ್ಟೋ ಸಲ ಈ ಎರಡು ಮಾತುಗಳೇ ಕಾರಣವಾಗುತ್ತವೆ. ಆದರೆ ನಿಜವಾಗಿ ಕೆಟ್ಟಿರುವುದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ರಿಲೇ, ತಂತಿ ಕಡಿದ ಒಂದು ಹೀಟರ್, ಅಥವಾ ಗಟ್ಟಿಯಾಗಿ ಬಿರುಕುಬಿಟ್ಟ ಬಾಗಿಲಿನ ರಬ್ಬರ್ ಆಗಿರುವುದು ಅಪರೂಪವೇನಲ್ಲ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬಿಡಿಭಾಗಗಳು ಸುಲಭವಾಗಿ ಸಿಗುತ್ತಿರುವುದರಿಂದ, ಥರ್ಮೋಸ್ಟಾಟ್ ಇರಬಹುದೆಂದು ಅದನ್ನು ತಂದು ಹಾಕುವುದು, ಸರಿಹೋಗದಿದ್ದರೆ ಟೈಮರ್ ತರುವುದು, ಅದೂ ಆಗದಿದ್ದರೆ ಬೋರ್ಡನ್ನೇ ಬದಲಿಸುವುದು ನಡೆಯುತ್ತಿದೆ. ಇದು ದುರಸ್ತಿಯಲ್ಲ, ಊಹೆಗೆ ತೆರುವ ದಂಡ. ಫ್ರಿಡ್ಜಿನ ಬಹುತೇಕ ವಿದ್ಯುತ್ ಭಾಗಗಳನ್ನು ವೋಲ್ಟ್, ಓಮ್ ಅಳೆಯುವ ಸಾಧಾರಣ ಮಲ್ಟಿಮೀಟರಿನಿಂದಲೇ ಪರೀಕ್ಷಿಸಬಹುದಾದ್ದರಿಂದ, ಹಳೆಯ ಭಾಗ ಕೆಟ್ಟಿದೆ ಎಂಬುದು ಕಣ್ಣಿಗೋ ಮೀಟರಿಗೋ ಖಚಿತವಾಗುವವರೆಗೆ ಹೊಸದನ್ನು ಕೊಳ್ಳಬೇಕಾಗಿಲ್ಲ.

ಪರೀಕ್ಷೆಗೆ ಕೈಹಾಕಬೇಕಾದರೆ ಯಂತ್ರದ ಕೆಲಸದ ಕ್ರಮ ಗೊತ್ತಿರಬೇಕು. ಫ್ರಿಡ್ಜ್ ತಂಪನ್ನು ಉತ್ಪಾದಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಹೊರುವ ಕೆಲಸ ಮಾಡುವುದು ಶೀತಕ, ಅಂದರೆ ನಾವು ಗ್ಯಾಸ್ ಎನ್ನುವ ವಸ್ತು. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡಿ ಕಂಡೆನ್ಸರಿಗೆ ಕಳುಹಿಸುತ್ತದೆ. ಹಿಂಬದಿಯ ಕಪ್ಪು ಜಾಲರಿಯಲ್ಲೋ, ಪಕ್ಕದ ಗೋಡೆಗಳ ಒಳಗೆ ಹುದುಗಿರುವ ಕೊಳವೆಗಳಲ್ಲೋ ಅದು ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ಅಲ್ಲಿಂದ ತೇವ ಹೀರುವ ಫಿಲ್ಟರ್ ಡ್ರೈಯರನ್ನು ದಾಟಿ, ಒಳವ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ ಇರುವ ಕ್ಯಾಪಿಲರಿ ಎಂಬ ಸಣ್ಣ ನಾಳದಲ್ಲಿ ಹಾಯುವಾಗ ಅದರ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ದ್ರವ ಫ್ರೀಜರಿನ ಎವಾಪರೇಟರಿನಲ್ಲಿ ಕುದಿದು ಆವಿಯಾಗುತ್ತಾ ಸುತ್ತಲಿನ ಶಾಖವನ್ನು ಹೀರಿಕೊಂಡು ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಈ ಇಡೀ ಸುತ್ತು ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೇ ನಡೆಯುತ್ತದೆ. ಕಂಪ್ರೆಸರನ್ನು ಓಡಿಸುವ, ನಿಲ್ಲಿಸುವ, ಹಿಮ ಕರಗಿಸುವ, ಗಾಳಿ ಹಂಚುವ ವಿದ್ಯುತ್ ಭಾಗಗಳೆಲ್ಲ ಕೊಳವೆಯ ಹೊರಗಿವೆ. ದುರಸ್ತಿಯ ದೃಷ್ಟಿಯಿಂದ ಫ್ರಿಡ್ಜಿನಲ್ಲಿ ಇದಕ್ಕಿಂತ ಮುಖ್ಯವಾದ ಗಡಿ ಇನ್ನೊಂದಿಲ್ಲ: ಕೊಳವೆಯ ಹೊರಗಿನದ್ದು ಎಚ್ಚರಿಕೆಯಿಂದ ಕೆಲಸ ಮಾಡಬಲ್ಲ ಯಾರ ಕೈಗಾದರೂ ಎಟುಕುತ್ತದೆ, ಒಳಗಿನದ್ದು ತರಬೇತಿ ಮತ್ತು ಸಲಕರಣೆ ಇರುವವರಿಗೆ ಮಾತ್ರ ಸೇರಿದ್ದು.

ಸುರಕ್ಷತೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಓಮ್ ಅಳತೆಗಳನ್ನೆಲ್ಲ, ಅಂದರೆ ಭಾಗವೊಂದು ವಿದ್ಯುತ್ತಿಗೆ ಒಡ್ಡುವ ರೋಧದ ಅಳತೆಗಳನ್ನೆಲ್ಲ, ಪ್ಲಗ್ ಕಿತ್ತ ಮೇಲೆಯೇ ಮಾಡಬೇಕು. ಸ್ವಿಚ್ ಆರಿಸಿದರೆ ಸಾಲದು. ಕೆಪಾಸಿಟರ್ ಇದ್ದರೆ ಅದರಲ್ಲಿ ವಿದ್ಯುತ್ ಉಳಿದಿರುತ್ತದೆಂದೇ ಭಾವಿಸಿ, ಡಿಸ್ಚಾರ್ಜ್ ಮಾಡಿದ ನಂತರವೇ ಮುಟ್ಟಬೇಕು. ಕೆಲವು ಫ್ರಿಡ್ಜುಗಳಲ್ಲಿ ಕಂಪ್ರೆಸರಿನ ವೇಗವನ್ನು ಬದಲಿಸುವ ಇನ್ವರ್ಟರ್ ಬೋರ್ಡಿನ ಮೇಲಿನ ದೊಡ್ಡ ಕೆಪಾಸಿಟರಿನಲ್ಲಿ, 230 ವೋಲ್ಟ್ ಪೂರೈಕೆಯಿದ್ದಲ್ಲಿ, ಸುಮಾರು 325 ವೋಲ್ಟ್ ನೇರ ವಿದ್ಯುತ್ ನಿಂತಿರುತ್ತದೆ. ಪ್ಲಗ್ ಕಿತ್ತು ಕೆಲವು ನಿಮಿಷ ಬಿಟ್ಟು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಇಡುವುದು ಕ್ಷೇಮ. ಎವಾಪರೇಟರಿನ ಅಲ್ಯೂಮಿನಿಯಂ ರೆಕ್ಕೆಗಳು ಬ್ಲೇಡಿನಷ್ಟು ಹರಿತವಾಗಿರುವುದರಿಂದ ಕೈಗವಸು ಬೇಕು.

ಕಂಪ್ರೆಸರ್ ಶುರುವಾಗದ ದೋಷದಿಂದ ಆರಂಭಿಸೋಣ, ಏಕೆಂದರೆ ತಪ್ಪು ತೀರ್ಪುಗಳು ಹೆಚ್ಚಾಗಿ ಬರುವುದು ಇಲ್ಲಿ. ಒಳಗೆ ದೀಪ ಉರಿಯುತ್ತಿದೆ, ತಣ್ಣಗಾಗುತ್ತಿಲ್ಲ. ಹಿಂದೆ ಬಗ್ಗಿ ಕಿವಿಗೊಟ್ಟರೆ ಕೆಲವು ಸೆಕೆಂಡು ಗುಂಯ್ ಎಂಬ ಸದ್ದು, ಆಮೇಲೆ ಟಕ್ ಎಂದು ಮೌನ, ಒಂದೆರಡು ನಿಮಿಷ ಬಿಟ್ಟು ಮತ್ತೆ ಅದೇ. ಗುಂಯ್ ಎನ್ನುವುದು ಕಂಪ್ರೆಸರಿನ ಮೋಟಾರ್ ತಿರುಗಲಾರದೆ ವಿದ್ಯುತ್ ಎಳೆಯುತ್ತಿರುವ ಸದ್ದು. ಟಕ್ ಎನ್ನುವುದು ಅದು ಸುಟ್ಟುಹೋಗದಂತೆ ಓವರ್‌ಲೋಡ್ ಪ್ರೊಟೆಕ್ಟರ್ ಸಂಪರ್ಕ ಕಡಿದ ಸದ್ದು. ಮೋಟಾರ್ ಏಕೆ ತಿರುಗುತ್ತಿಲ್ಲ ಎಂಬುದಕ್ಕೆ ಮೂರು ಉತ್ತರಗಳಿರಬಹುದು: ಸಾಕೆಟ್ಟಿಗೆ ಬರುವ ವೋಲ್ಟೇಜ್ ಕಡಿಮೆಯಿದೆ, ಮೊದಲ ನೂಕು ಕೊಡುವ ರಿಲೇ ಕೆಟ್ಟಿದೆ, ಅಥವಾ ಕಂಪ್ರೆಸರ್ ಒಳಗೇ ಹಿಡಿದುಕೊಂಡಿದೆ. ಪರೀಕ್ಷೆಯೂ ಇದೇ ಕ್ರಮದಲ್ಲಿ ಸಾಗಬೇಕು.

ಕಂಪ್ರೆಸರಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕಾಣುವ ಸಣ್ಣ ಪೆಟ್ಟಿಗೆಯೇ ಮೊದಲ ನೂಕು ಕೊಡುವ ಪಿಟಿಸಿ ರಿಲೇ. ಅದರೊಳಗೆ ನಾಣ್ಯದ ಗಾತ್ರದ ಒಂದು ಸೆರಾಮಿಕ್ ಬಿಲ್ಲೆ ಎರಡು ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ತಣ್ಣಗಿರುವಾಗ ಆ ಬಿಲ್ಲೆಯ ರೋಧ ಕೆಲವೇ ಓಮ್‌ಗಳಿಂದ ಕೆಲವು ಹತ್ತು ಓಮ್‌ಗಳಷ್ಟಿದ್ದು, ಮೋಟಾರನ್ನು ಶುರುಮಾಡುವ ತಂತಿಸುರುಳಿಗೆ, ಅಂದರೆ ಸ್ಟಾರ್ಟ್ ವೈಂಡಿಂಗಿಗೆ, ವಿದ್ಯುತ್ ಸರಾಗವಾಗಿ ಹರಿಯಲು ಬಿಡುತ್ತದೆ. ಮೋಟಾರ್ ತಿರುಗಿದ ಕ್ಷಣಾರ್ಧದಲ್ಲಿ ಬಿಲ್ಲೆ ಬಿಸಿಯಾಗಿ ರೋಧ ಸಾವಿರಾರು ಓಮ್‌ಗೆ ಏರಿ, ಸ್ಟಾರ್ಟ್ ವೈಂಡಿಂಗನ್ನು ಮಂಡಲದಿಂದ ಹೊರಗಿಟ್ಟಂತಾಗುತ್ತದೆ. ಚಲಿಸುವ ಭಾಗವೊಂದೂ ಇಲ್ಲದ ಈ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕರೆಂಟು ಹೋಗಿ ತಕ್ಷಣ ಬಂದಾಗ ಫ್ರಿಡ್ಜ್ ಶುರುವಾಗದೆ ಕೆಲವು ನಿಮಿಷ ತಡವರಿಸುವುದಕ್ಕೂ ಈ ಬಿಲ್ಲೆಯೇ ಕಾರಣ: ಅದು ತಣ್ಣಗಾಗದೆ ಮತ್ತೊಂದು ನೂಕು ಕೊಡಲಾರದು, ಮತ್ತು ಕೊಳವೆಯ ಎರಡೂ ಬದಿಯ ಒತ್ತಡ ಸಮನಾಗಲೂ ಅಷ್ಟೇ ಹೊತ್ತು ಬೇಕು.

ನಮ್ಮ ಮನೆಯ ಹಳೆಯ ಒಂಟಿ ಬಾಗಿಲಿನ ಫ್ರಿಡ್ಜಿನ ಕಂಪ್ರೆಸರ್ ಸತ್ತಿದೆಯೆಂದು ಪರೀಕ್ಷಿಸಲು ಬಂದವರು ಹೇಳಿ ಹೋದ ಸಂಜೆ ನಾನು ಆ ರಿಲೇಯನ್ನು ಪಿನ್ನುಗಳಿಂದ ನೇರವಾಗಿ ಹಿಂದಕ್ಕೆಳೆದು ತೆಗೆದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಣಗಿದ ಕಾಯಿಯೊಳಗಿನ ಬೀಜದಂತೆ ಕರಕರ ಸದ್ದು ಬಂತು. ಮುಚ್ಚಳ ಬಿಡಿಸಿದರೆ ಬಿಲ್ಲೆ ನಾಲ್ಕು ಚೂರಾಗಿತ್ತು, ಒಂದು ಸ್ಪ್ರಿಂಗಿನ ತುದಿ ಸುಟ್ಟು ಕಪ್ಪಾಗಿತ್ತು. ಒಳ್ಳೆಯ ರಿಲೇ ಅಲ್ಲಾಡಿಸಿದರೆ ಸದ್ದು ಮಾಡುವುದಿಲ್ಲ. ಮೀಟರಿನ ಎರಡು ಕಡ್ಡಿಗಳನ್ನು ಅದರ ತುದಿಗಳಿಗೆ ಮುಟ್ಟಿಸಿದರೆ ಸ್ಥಿರವಾದ ಕಡಿಮೆ ರೋಧ ತೋರಿಸುತ್ತದೆ. ಓವರ್‌ಲೋಡ್ ಪ್ರೊಟೆಕ್ಟರ್ ಕೂಡ ತಣ್ಣಗಿರುವಾಗ ಬಹುತೇಕ ಸೊನ್ನೆ ಓಮ್ ತೋರಿಸಬೇಕು. ಆ ಫ್ರಿಡ್ಜಿಗೆ ಅದೇ ಮಾದರಿಯ ರಿಲೇ ಹಾಕಿದ ಮೇಲೆ ಅದೇ ಕಂಪ್ರೆಸರ್ ಇನ್ನೂ ಹಲವು ವರ್ಷ ಓಡಿತು.

ಹಾಗೆಂದು ಹೊಸ ರಿಲೇ ಹಾಕುವ ಮುನ್ನ ಕಂಪ್ರೆಸರಿನ ಮೂರು ಪಿನ್ನುಗಳನ್ನು ಅಳೆಯದೆ ಬಿಡಬಾರದು. ಇವು ಕಾಮನ್, ಸ್ಟಾರ್ಟ್ ಮತ್ತು ರನ್. ಎರಡೆರಡರಂತೆ ಅಳೆದರೆ ಮೂರು ಸಂಖ್ಯೆಗಳು ಸಿಗುತ್ತವೆ, ಮತ್ತು ಅತಿ ದೊಡ್ಡ ಸಂಖ್ಯೆ ಉಳಿದೆರಡರ ಮೊತ್ತಕ್ಕೆ ಸಮನಾಗಿರಬೇಕು. ಉದಾಹರಣೆಗೆ ಒಂದು ಜೋಡಿಯಲ್ಲಿ 12 ಓಮ್, ಇನ್ನೊಂದರಲ್ಲಿ 20 ಓಮ್ ಬಂದರೆ ಮೂರನೆಯದರಲ್ಲಿ 32ರ ಆಸುಪಾಸು ಬರಬೇಕು. ದೊಡ್ಡ ಸಂಖ್ಯೆ ಬಂದ ಜೋಡಿಯ ಹೊರಗುಳಿದ ಪಿನ್ನೇ ಕಾಮನ್. ಕಾಮನ್‌ನಿಂದ ಹೆಚ್ಚು ರೋಧ ತೋರುವುದು ಸಾಮಾನ್ಯವಾಗಿ ಸ್ಟಾರ್ಟ್, ಕಡಿಮೆ ತೋರುವುದು ರನ್. ಯಾವುದಾದರೂ ಜೋಡಿಯಲ್ಲಿ ಮೀಟರ್ ಏನನ್ನೂ ತೋರಿಸದಿದ್ದರೆ ವೈಂಡಿಂಗ್ ಕಡಿದಿದೆ. ಕಂಪ್ರೆಸರ್ ಬಿಸಿಯಾಗಿದ್ದು ಒಳಗೇ ಅಳವಡಿಸಿದ ಪ್ರೊಟೆಕ್ಟರ್ ಇರುವ ಮಾದರಿಯಾದರೆ, ತಣ್ಣಗಾದ ಮೇಲೆ ಇನ್ನೊಮ್ಮೆ ಅಳೆದೇ ತೀರ್ಮಾನಿಸಬೇಕು. ಕೊನೆಗೆ ಒಂದು ಕಡ್ಡಿಯನ್ನು ಪಿನ್ನಿಗೂ ಇನ್ನೊಂದನ್ನು ಬಣ್ಣ ಕೆರೆದ ತಾಮ್ರದ ಕೊಳವೆಗೂ ಮುಟ್ಟಿಸಿದಾಗ ಸಂಪರ್ಕವೇ ಇರಬಾರದು. ಇದ್ದರೆ ವೈಂಡಿಂಗ್ ಕವಚಕ್ಕೆ ತಾಗಿದೆ ಎಂದರ್ಥ, ಅಂಥ ಫ್ರಿಡ್ಜಿಗೆ ಮತ್ತೆ ಪ್ಲಗ್ ಹಾಕುವುದು ಅಪಾಯ. ಅಳತೆಗಳೆಲ್ಲ ಸರಿಯಿದ್ದು, ವೋಲ್ಟೇಜ್ ಸರಿಯಿದ್ದು, ಹೊಸ ರಿಲೇ ಹಾಕಿದರೂ ಗುಂಯ್-ಟಕ್ ನಿಲ್ಲದಿದ್ದರೆ ಆಗ ಮಾತ್ರ ಕಂಪ್ರೆಸರ್ ಯಾಂತ್ರಿಕವಾಗಿ ಹಿಡಿದುಕೊಂಡಿದೆಯೆಂದು ಹೇಳಬಹುದು.

ಈ ವಿಧಾನ ಇನ್ವರ್ಟರ್ ಕಂಪ್ರೆಸರಿಗೆ ಹೊಂದುವುದಿಲ್ಲ. ಅದು ಮೂರು ಹಂತದ (ತ್ರೀ-ಫೇಸ್) ಮೋಟಾರ್. ಮೂರೂ ಜೋಡಿಗಳಲ್ಲಿ ಒಂದೇ ಬಗೆಯ ಸಂಖ್ಯೆ ಬರಬೇಕು, ಮತ್ತು ಅದಕ್ಕೆ ಪಿಟಿಸಿ ರಿಲೇ ಇರುವುದೂ ಇಲ್ಲ. ಮನೆಯ ವಿದ್ಯುತ್ತನ್ನು ನೇರವಾಗಿ ಅದರ ಪಿನ್ನುಗಳಿಗೆ ಕೊಟ್ಟು ನೋಡುವುದು ಕಂಪ್ರೆಸರನ್ನೇ ಕೊಲ್ಲುವ ಕೆಲಸ. ಮೂರು ಅಳತೆಗಳೂ ಸಮನಾಗಿದ್ದು ಕವಚಕ್ಕೆ ತಾಗಿಲ್ಲವೆಂದಾದರೆ ಸಂಶಯ ಬೋರ್ಡಿನ ಮೇಲೆ ತಿರುಗುತ್ತದೆ. ಇಂಥ ಬೋರ್ಡುಗಳ ಮೇಲೆ ಮಿನುಗುವ ಸಣ್ಣ ದೀಪವಿದ್ದರೆ, ಅದು ಎಷ್ಟು ಬಾರಿ ಮಿನುಗಿ ವಿರಮಿಸುತ್ತದೆ ಎಂಬುದಕ್ಕೆ ಸರ್ವಿಸ್ ಕೈಪಿಡಿಯಲ್ಲಿ ಅರ್ಥವಿರುತ್ತದೆ. ಬೋರ್ಡ್ ಕೊಳ್ಳುವ ಮೊದಲು ಅದನ್ನು ಓದಬೇಕು.

ಇನ್ನು ಎರಡು ಬಾಗಿಲಿನ, ಹಿಮ ಕಟ್ಟದ ಫ್ರಿಡ್ಜುಗಳ ಪ್ರತ್ಯೇಕ ಸಮಸ್ಯೆ. ಫ್ರೀಜರಿನಲ್ಲಿ ಐಸ್ ಗಟ್ಟಿಯಾಗಿಯೇ ಇದೆ, ಆದರೆ ಕೆಳಗಿನ ಅಂಕಣದಲ್ಲಿ ಹಾಲು ಒಡೆಯುತ್ತಿದೆ. ಕಂಪ್ರೆಸರ್ ನಿಲ್ಲದೆ ಓಡುತ್ತಿದೆ. ಇದನ್ನು ನೋಡಿ ಗ್ಯಾಸ್ ಕಡಿಮೆಯಾಗಿದೆಯೆಂದು ತೀರ್ಮಾನಿಸುವುದು ಬಹಳ ಸುಲಭ, ಮತ್ತು ಬಹಳ ಸಲ ತಪ್ಪು. ಹಿಮ ಕಟ್ಟದ ಫ್ರಿಡ್ಜಿನಲ್ಲೂ ಹಿಮ ಕಟ್ಟಿಯೇ ಕಟ್ಟುತ್ತದೆ; ಅದು ನಮ್ಮ ಕಣ್ಣಿಗೆ ಬೀಳದಂತೆ ಫ್ರೀಜರಿನ ಹಿಂದಿನ ಫಲಕದ ಮರೆಯಲ್ಲಿ, ಎವಾಪರೇಟರಿನ ರೆಕ್ಕೆಗಳ ಮೇಲೆ ಕಟ್ಟುತ್ತದೆ, ಅಷ್ಟೆ. ಆ ರೆಕ್ಕೆಗಳ ಮೂಲಕ ಒಂದು ಸಣ್ಣ ಫ್ಯಾನ್ ಗಾಳಿ ಎಳೆದು ಎರಡೂ ಅಂಕಣಗಳಿಗೆ ಹಂಚುತ್ತದೆ. ಕಂಪ್ರೆಸರ್ ಸುಮಾರು 6ರಿಂದ 12 ಗಂಟೆ ಓಡಿದ ನಂತರ ಟೈಮರ್ ಅಥವಾ ಬೋರ್ಡ್ ಅದನ್ನು ನಿಲ್ಲಿಸಿ, ಎವಾಪರೇಟರಿನ ಕೆಳಗಿನ ಹೀಟರನ್ನು ಅರ್ಧ ಗಂಟೆಯೊಳಗೆ ಹಿಮ ಕರಗುವಷ್ಟು ಹೊತ್ತು ಹಚ್ಚುತ್ತದೆ. ಕರಗಿದ ನೀರು ಒಂದು ನಾಳದಲ್ಲಿ ಇಳಿದು ಕಂಪ್ರೆಸರಿನ ಮೇಲಿನ ತಟ್ಟೆಗೆ ಬಿದ್ದು ಅದರ ಬಿಸಿಗೆ ಆವಿಯಾಗುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಹಿಮ ಕರಗದೆ ಉಳಿದು, ದಿನೇ ದಿನೇ ಬೆಳೆದು, ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಫ್ರೀಜರ್ ಹಿಮಗಡ್ಡೆಯ ಪಕ್ಕದಲ್ಲೇ ಇರುವುದರಿಂದ ತಣ್ಣಗಿರುತ್ತದೆ. ಗಾಳಿಯನ್ನೇ ನಂಬಿರುವ ಕೆಳಗಿನ ಅಂಕಣ ಬೆಚ್ಚಗಾಗುತ್ತದೆ.

ಇದನ್ನು ಗುರುತಿಸಲು ಫ್ರಿಡ್ಜಿನ ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು ಒಂದು ದಿನ ಬಿಡಬೇಕು. ಮತ್ತೆ ಹಚ್ಚಿದಾಗ ಎರಡೂ ಅಂಕಣಗಳು ಚೆನ್ನಾಗಿ ತಣ್ಣಗಾಗಿ, ಕೆಲವು ದಿನಗಳಲ್ಲಿ ಅದೇ ತೊಂದರೆ ಮರುಕಳಿಸಿದರೆ ಗ್ಯಾಸ್ ಸರಿಯಿದೆ, ಡಿಫ್ರಾಸ್ಟ್, ಅಂದರೆ ಹಿಮ ಕರಗಿಸುವ ವ್ಯವಸ್ಥೆ, ಕೆಟ್ಟಿದೆ. ಸೋರಿಹೋದ ಗ್ಯಾಸ್ ಒಂದು ದಿನದ ವಿಶ್ರಾಂತಿಯಿಂದ ಮರಳಿ ಬರುವುದಿಲ್ಲ. ಮರುಕಳಿಸಿದ ದಿನ ಹಿಂದಿನ ಫಲಕ ಬಿಚ್ಚಿದರೆ ರೆಕ್ಕೆಗಳು ಕಾಣದಷ್ಟು ದಪ್ಪ ಬಿಳಿಯ ಹಿಮ ತುಂಬಿರುವುದು ಕಾಣುತ್ತದೆ.

ಅಲ್ಲಿಂದ ಮೂರು ಭಾಗಗಳನ್ನು ಅಳೆಯುವುದಿದೆ. ಹೀಟರಿನ ರೋಧವನ್ನು ಅದರ ವ್ಯಾಟ್‌ನಿಂದ ಲೆಕ್ಕ ಹಾಕಬಹುದು: ವೋಲ್ಟೇಜನ್ನು ಅದರಿಂದಲೇ ಗುಣಿಸಿ ವ್ಯಾಟ್‌ನಿಂದ ಭಾಗಿಸಿದರಾಯಿತು. 230 ವೋಲ್ಟಿನ 150 ವ್ಯಾಟ್ ಹೀಟರಿಗೆ ಸುಮಾರು 350 ಓಮ್ ಬರಬೇಕು. ಮೀಟರ್ ಅನಂತವನ್ನು ತೋರಿಸಿದರೆ ತಂತಿ ಕಡಿದಿದೆ. ಎರಡನೆಯದು ಥರ್ಮಲ್ ಫ್ಯೂಸ್. ಇದು ಒಮ್ಮೆ ಕರಗಿದರೆ ಮತ್ತೆ ಕೂಡುವುದಿಲ್ಲ, ಸರಿಯಿರುವಾಗ ಸೊನ್ನೆ ಓಮ್ ತೋರಿಸುತ್ತದೆ. ಮೂರನೆಯದು ಬೈಮೆಟಲ್, ಅಂದರೆ ಡಿಫ್ರಾಸ್ಟ್ ಥರ್ಮೋಸ್ಟಾಟ್. ಅನುಭವಿಗಳೂ ಎಡವುವುದು ಇದರಲ್ಲಿ. ಬೈಮೆಟಲ್ ಚಳಿಯಲ್ಲಿ ಕೂಡುತ್ತದೆ, ಬೆಚ್ಚಗಾದಾಗ ತೆರೆದುಕೊಳ್ಳುತ್ತದೆ. ಆದ್ದರಿಂದ ಅದನ್ನು ಮೇಜಿನ ಮೇಲಿಟ್ಟು ಅಳೆದರೆ ಆರೋಗ್ಯವಾಗಿರುವುದೂ ಸಂಪರ್ಕವಿಲ್ಲವೆಂದೇ ತೋರಿಸುತ್ತದೆ, ಮತ್ತು ಸರಿಯಾದ ಭಾಗವನ್ನು ಎಸೆದು ಹೊಸದನ್ನು ತರುವಂತಾಗುತ್ತದೆ. ಅದನ್ನು ಬೇರೊಂದು ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟು, ತೆಗೆದ ಕೂಡಲೇ ಅಳೆಯಬೇಕು. ಆಗ ಸೊನ್ನೆ ಓಮ್ ಕಂಡು, ಅಂಗೈಯಲ್ಲಿ ಬೆಚ್ಚಗಾಗುತ್ತಾ ಹೋದಂತೆ ಟಿಕ್ ಎಂಬ ಸಣ್ಣ ಸದ್ದಿನೊಂದಿಗೆ ತೆರೆದುಕೊಂಡರೆ ಅದು ಸರಿಯಾಗಿಯೇ ಇದೆ. ಮೂರೂ ಸರಿಯಿದ್ದರೆ ಉಳಿಯುವುದು ಟೈಮರ್ ಅಥವಾ ಬೋರ್ಡ್. ಹಳೆಯ ಯಾಂತ್ರಿಕ ಟೈಮರಿನ ತಿರುಗಣೆಯನ್ನು ಸ್ಕ್ರೂಡ್ರೈವರಿನಿಂದ ಟಕ್ ಎನ್ನುವವರೆಗೆ ನಿಧಾನವಾಗಿ ತಿರುಗಿಸಿದಾಗ ಕಂಪ್ರೆಸರ್ ನಿಂತು ಹೀಟರ್ ಬೆಚ್ಚಗಾದರೆ, ಟೈಮರಿನ ಸಂಪರ್ಕಗಳು ಸರಿಯಿದ್ದು ಅದರೊಳಗಿನ ಮೋಟಾರ್ ನಿಂತಿದೆಯೆಂದು ತಿಳಿಯಬಹುದು.

ಫ್ಯೂಸ್ ಕರಗಿರುವುದು ಗೊತ್ತಾದಾಗ ಅದನ್ನು ಬದಲಿಸಿ ಸುಮ್ಮನಾಗಬಾರದು, ಏಕೆಂದರೆ ಫ್ಯೂಸ್ ತಾನಾಗಿ ಕರಗುವುದಿಲ್ಲ. ಬೈಮೆಟಲ್ ಕೂಡಿಕೊಂಡೇ ಅಂಟಿದ್ದರೆ ಹೀಟರ್ ಆರದೆ ಉರಿದು ಫ್ಯೂಸನ್ನು ಕರಗಿಸುತ್ತದೆ. ಅಂಥಲ್ಲಿ ಹೊಸ ಫ್ಯೂಸ್ ಮಾತ್ರ ಹಾಕಿದರೆ ಕೆಲವೇ ದಿನಗಳಲ್ಲಿ ಅದೂ ಹೋಗುತ್ತದೆ. ಫ್ಯೂಸಿನ ಬದಲು ತಂತಿ ತುಂಡು ಸುತ್ತಿ ಕೂಡಿಸುವುದನ್ನು ಕಂಡಿದ್ದೇನೆ, ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಸುತ್ತಲೂ ಪ್ಲಾಸ್ಟಿಕ್ ಮತ್ತು ಫೋಮ್ ಇರುವ ಪೆಟ್ಟಿಗೆಯೊಳಗೆ ಹೀಟರಿಗಿರುವ ಕೊನೆಯ ತಡೆ ಅದೊಂದೇ.

ಹಿಮ ಕರಗುತ್ತಿದೆ, ಆದರೆ ತರಕಾರಿ ಡಬ್ಬಿಯ ಕೆಳಗೆ ನೀರು ನಿಲ್ಲುತ್ತಿದೆಯೆಂದರೆ ಯಾವ ಭಾಗವನ್ನೂ ಕೊಳ್ಳಬೇಕಾಗಿಲ್ಲ. ನೀರಿನ ನಾಳ ಕಟ್ಟಿಕೊಂಡಿದೆ. ಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ನಿಧಾನವಾಗಿ ಹಾಯಿಸಿ, ಬಾಗುವ ಮೆದು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿದರೆ ಸಾಕು. ಹಿಮವನ್ನು ಚಾಕುವಿನಿಂದಾಗಲಿ ಸ್ಕ್ರೂಡ್ರೈವರಿನಿಂದಾಗಲಿ ಒಡೆಯುವುದಂತೂ ಫ್ರಿಡ್ಜಿಗೆ ಮಾಡಬಹುದಾದ ಅತಿ ದೊಡ್ಡ ಅನ್ಯಾಯ. ಒಂಟಿ ಬಾಗಿಲಿನ ಫ್ರಿಡ್ಜುಗಳಲ್ಲಿ ಫ್ರೀಜರಿನ ಗೋಡೆಯೇ ಎವಾಪರೇಟರ್. ಅಲ್ಯೂಮಿನಿಯಂ ಹಾಳೆಯೊಳಗೆ ಶೀತಕದ ದಾರಿಗಳು ಹಾದುಹೋಗಿರುತ್ತವೆ. ಒಂದು ಸಲ ಚಾಕು ಜಾರಿದರೆ ಉಸ್ಸೆಂಬ ಸದ್ದಿನೊಂದಿಗೆ ಗ್ಯಾಸೆಲ್ಲ ಹೊರಟುಹೋಗುತ್ತದೆ, ಮತ್ತು ಅಲ್ಯೂಮಿನಿಯಂಗೆ ಬಾಳಿಕೆ ಬರುವ ತೇಪೆ ಹಾಕುವುದು ತಾಮ್ರದಷ್ಟು ಸುಲಭವಲ್ಲ.

ಉಷ್ಣತೆಯನ್ನು ಹಿಡಿದಿಡುವ ಭಾಗಗಳ ಪರೀಕ್ಷೆ ಇದಕ್ಕಿಂತ ಸರಳ. ಯಾಂತ್ರಿಕ ಥರ್ಮೋಸ್ಟಾಟಿನಲ್ಲಿ ಅನಿಲ ತುಂಬಿದ ಸಣ್ಣ ನಾಳವೊಂದು ಎವಾಪರೇಟರಿಗೆ ತಾಗಿಕೊಂಡಿರುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಗುಂಡಿಯನ್ನು ಪೂರ್ತಿ ತಿರುಗಿಸಿದಾಗಲೂ ಅದರ ತುದಿಗಳ ನಡುವೆ ಸಂಪರ್ಕ ಸಿಗದಿದ್ದರೆ ಅದು ಕೆಟ್ಟಿದೆ. ಹೊಸದನ್ನು ಹಾಕುವಾಗ ನಾಳದ ತುದಿ ಹಳೆಯದು ಎಷ್ಟು ಆಳಕ್ಕೆ ಹೋಗಿತ್ತೋ ಅಷ್ಟೇ ಆಳಕ್ಕೆ ಹೋಗಬೇಕು, ನಾಳ ಎಲ್ಲೂ ಮಡಚಿಕೊಳ್ಳಬಾರದು. ಎಷ್ಟೋ ‘ಕೆಟ್ಟ’ ಹೊಸ ಥರ್ಮೋಸ್ಟಾಟುಗಳು ವಾಸ್ತವದಲ್ಲಿ ತಪ್ಪಾಗಿ ಕೂರಿಸಿದವು. ಎಲೆಕ್ಟ್ರಾನಿಕ್ ಮಾದರಿಗಳಲ್ಲಿ ಈ ಕೆಲಸವನ್ನು ಮೆಣಸಿನಕಾಳಿನಷ್ಟು ಚಿಕ್ಕದಾದ ಥರ್ಮಿಸ್ಟರ್ ಸೆನ್ಸರ್ ಮಾಡುತ್ತದೆ. ಚಳಿ ಹೆಚ್ಚಿದಂತೆ ಅದರ ರೋಧವೂ ಹೆಚ್ಚುತ್ತದೆ. ಒಂದು ಲೋಟದಲ್ಲಿ ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿದರೆ 0 ಡಿಗ್ರಿ ಸೆಲ್ಸಿಯಸ್ ಕೈಯಲ್ಲೇ ಸಿದ್ಧವಾದಂತೆ. ಅದರಲ್ಲಿ ಸೆನ್ಸರನ್ನು ಐದು ನಿಮಿಷ ಮುಳುಗಿಸಿ ಅಳೆದು, ಆ ಮಾದರಿಯ ಪಟ್ಟಿಯೊಂದಿಗೆ ಹೋಲಿಸಬೇಕು. 25 ಡಿಗ್ರಿಯಲ್ಲಿ 5 ಕಿಲೋಓಮ್ ಇರುವ ಸಾಮಾನ್ಯ ಬಗೆಯ ಸೆನ್ಸರ್ 0 ಡಿಗ್ರಿಯಲ್ಲಿ 16 ಕಿಲೋಓಮ್‌ನ ಆಸುಪಾಸು ತೋರಿಸುತ್ತದೆ. ತಯಾರಕರು ಬೇರೆ ಬೇರೆ ಮೌಲ್ಯದ ಸೆನ್ಸರುಗಳನ್ನು ಬಳಸುವುದರಿಂದ, ಹೊರನೋಟಕ್ಕೆ ಒಂದೇ ರೀತಿ ಕಂಡಿತೆಂದು ಬೇರೆ ಸೆನ್ಸರ್ ಹಾಕಿದರೆ ಬೋರ್ಡ್ ಅದನ್ನು ನಂಬಿ ತಪ್ಪು ಉಷ್ಣತೆಯಲ್ಲೇ ಕೆಲಸ ಮಾಡುತ್ತಿರುತ್ತದೆ.

ಬಾಗಿಲಿನ ರಬ್ಬರ್, ಅಂದರೆ ಗ್ಯಾಸ್ಕೆಟ್, ಎಲ್ಲರೂ ಕಡೆಗಣಿಸುವ ಭಾಗ. ಅದರೊಳಗೆ ಕಾಂತದ ಪಟ್ಟಿಯಿದ್ದು ಅದೇ ಬಾಗಿಲನ್ನು ಹಿಡಿದಿಡುತ್ತದೆ. ಒಂದು ಕಾಗದದ ಚೀಟಿಯನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡುತ್ತಾ ಸುತ್ತಲೂ ಬಂದರೆ, ಚೀಟಿ ಸಲೀಸಾಗಿ ಜಾರಿಬರುವ ಜಾಗದಲ್ಲೇ ಬಿಸಿ ಗಾಳಿ ಒಳಗೆ ನುಗ್ಗುತ್ತಿದೆ. ಮೊದಲು ಬೆಚ್ಚಗಿನ ಸೋಪಿನ ನೀರಿನಿಂದ ತೊಳೆದು, ಕುಸಿದಿರುವಲ್ಲಿ ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿ ಆಕಾರಕ್ಕೆ ತರಲು ನೋಡಬೇಕು. ಹಿಂಜ್ ಸಡಿಲಾಗಿ ಬಾಗಿಲು ಜೋತಿದ್ದರೆ ರಬ್ಬರಿನ ತಪ್ಪಲ್ಲ. ಬದಲಿಸಲೇಬೇಕಾದರೆ, ಮಡಚಿ ಬಂದ ಹೊಸ ಗ್ಯಾಸ್ಕೆಟ್ಟನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮೆತ್ತಗೆ ಮಾಡಿಕೊಂಡು, ನಾಲ್ಕು ಮೂಲೆಗಳನ್ನು ಮೊದಲು ಕೂರಿಸಿ, ಆಮೇಲೆ ಬದಿಗಳನ್ನು ತೋಡಿನೊಳಗೆ ಒತ್ತುತ್ತಾ ಬರಬೇಕು. ಕೆಲವು ಮಾದರಿಗಳಲ್ಲಿ ಗ್ಯಾಸ್ಕೆಟ್ಟಿನ ಅಂಚಿನಡಿ ಸ್ಕ್ರೂಗಳಿರುತ್ತವೆ. ಅವನ್ನೆಲ್ಲ ಒಮ್ಮೆಗೇ ಬಿಚ್ಚಿದರೆ ಬಾಗಿಲಿನ ಒಳತಗಡು ತಿರುಚಿಕೊಳ್ಳಬಹುದಾದ್ದರಿಂದ ಸಡಿಲಿಸಿ, ಹಳೆಯದನ್ನು ಎಳೆದು, ಹೊಸದನ್ನು ಸೇರಿಸುತ್ತಾ ಸಾಗುವುದು ಲೇಸು.

ಈಗ ಮುಚ್ಚಿದ ಕೊಳವೆಯೊಳಗಿನ ಮಾತು. ಗ್ಯಾಸ್ ಇಂಧನವಲ್ಲ, ಬಳಸಿದಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ; ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಅದೇ ದಾರಿ ಹಿಡಿಯುತ್ತದೆ. ಗ್ಯಾಸ್ ನಿಜವಾಗಿ ಕಡಿಮೆಯಾಗಿದೆಯೇ ಎಂಬುದನ್ನು ಹಿಮದ ಮಾದರಿಯೇ ಹೇಳುತ್ತದೆ: ಎವಾಪರೇಟರಿನ ತುಂಬ ತೆಳುವಾದ ಸಮನಾದ ಹಿಮವಿದ್ದರೆ ಗ್ಯಾಸ್ ಸರಿಯಿದೆ, ಮೊದಲ ಒಂದೆರಡು ಸುತ್ತುಗಳಲ್ಲಿ ಮಾತ್ರ ಹಿಮ ಗಟ್ಟಿಯಾಗಿ ಕಟ್ಟಿ ಉಳಿದ ಭಾಗ ಬರಿದಾಗಿದ್ದರೆ ಗ್ಯಾಸ್ ಕಡಿಮೆಯಿದೆ ಅಥವಾ ಕ್ಯಾಪಿಲರಿ ಭಾಗಶಃ ಕಟ್ಟಿಕೊಂಡಿದೆ. ಕೆಲವು ಗಂಟೆ ಚೆನ್ನಾಗಿ ತಂಪಾಗಿ, ನಿಂತು, ಬೆಚ್ಚಗಾದ ಮೇಲೆ ಮತ್ತೆ ತಂಪಾಗುವ ಚಕ್ರ ಕಂಡರೆ ಕೊಳವೆಯೊಳಗೆ ತೇವ ಸೇರಿದೆ: ಆ ನೀರಿನ ಹನಿ ಕ್ಯಾಪಿಲರಿಯ ಬಾಯಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಕರಗಿದಾಗ ಬಿಡುತ್ತದೆ.

ಯಾವ ಗ್ಯಾಸ್ ಎಂಬುದು ಫ್ರಿಡ್ಜಿನ ಮೇಲಿನ ಫಲಕದಲ್ಲಿ, ಎಷ್ಟು ಗ್ರಾಂ ಎಂಬುದರೊಂದಿಗೆ ಮುದ್ರಿತವಾಗಿರುತ್ತದೆ. ಹಿಂದೆ ಬಳಸುತ್ತಿದ್ದ ಆರ್-12 ಓಝೋನ್ ಪದರಕ್ಕೆ ಹಾನಿಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಹಿಂದೆ ಸರಿಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನನ್ನು ಬಾಧಿಸದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. 2016ರ ಕಿಗಾಲಿ ತಿದ್ದುಪಡಿ ಇಂಥವುಗಳ ಬಳಕೆಯನ್ನು ಇಳಿಸಲು ಬಂದದ್ದು. ಈಗಿನ ಹೆಚ್ಚಿನ ಮನೆ ಫ್ರಿಡ್ಜುಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಇದು ಅಡುಗೆ ಅನಿಲದ ಸಂಬಂಧಿ, ಹೊತ್ತಿಕೊಳ್ಳುವ ಗುಣದ್ದು. ಗಾಳಿಯಲ್ಲಿ ಸುಮಾರು 1.8 ಪ್ರತಿಶತ ಬೆರೆತರೂ ಕಿಡಿಗೆ ಹತ್ತಿಕೊಳ್ಳಬಲ್ಲದು. ಪ್ರಮಾಣ ಕೆಲವೇ ಹತ್ತು ಗ್ರಾಂಗಳಷ್ಟಿರುವುದರಿಂದ ಬಳಕೆಯಲ್ಲಿ ಭಯವಿಲ್ಲ, ಆದರೆ ಕೊಳವೆಯನ್ನು ಬಿಚ್ಚಿ ಬೆಸುಗೆಯ ಜ್ವಾಲೆ ಹಿಡಿಯುವವರು ಅದನ್ನು ಪೂರ್ತಿ ಹೊರಗೆ ಸುರಕ್ಷಿತವಾಗಿ ತೆಗೆಯದೆ ಮುಂದುವರಿಯುವಂತಿಲ್ಲ. ಈ ಕಾರಣಕ್ಕೇ ಜ್ವಾಲೆಯಿಲ್ಲದೆ ಒತ್ತಿ ಕೂಡಿಸುವ ಜೋಡಣೆಗಳೂ ಬಳಕೆಗೆ ಬಂದಿವೆ. ಆರ್-600ಎ ಕುದಿಯುವುದು ಮೈನಸ್ 11.7 ಡಿಗ್ರಿಯಲ್ಲಿ, ಎವಾಪರೇಟರ್ ಅದಕ್ಕಿಂತ ಚಳಿಯಲ್ಲಿ ಕೆಲಸ ಮಾಡುವುದರಿಂದ ಆ ಬದಿಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಿರುತ್ತದೆ. ಅಂದರೆ ಅಲ್ಲಿ ತೂತಾದರೆ, ಫ್ರಿಡ್ಜ್ ಓಡುತ್ತಿರುವಾಗ ಗ್ಯಾಸ್ ಹೊರಬರುವ ಬದಲು ಗಾಳಿ ಮತ್ತು ತೇವ ಒಳಗೆ ಹೋಗುತ್ತವೆ. ಓಡುವ ಯಂತ್ರಕ್ಕೆ ಸೋಪಿನ ನೊರೆ ಹಚ್ಚಿ ಗುಳ್ಳೆ ಕಾಣಲಿಲ್ಲವೆಂದು ಸೋರಿಕೆ ಇಲ್ಲವೆನ್ನುವುದು ಸರಿಯಲ್ಲ.

ಈ ಕೆಲಸವನ್ನು ನುರಿತವರಿಂದ ಮಾಡಿಸುವಾಗಲೂ ಮನೆಯವರು ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಕೊಳವೆ ತೆರೆದರೆ ಫಿಲ್ಟರ್ ಡ್ರೈಯರ್ ಹೊಸದಾಗಲೇಬೇಕು, ಏಕೆಂದರೆ ಅದರೊಳಗಿನ ತೇವ ಹೀರುವ ಕಾಳುಗಳು ಗಾಳಿಗೆ ಒಡ್ಡಿದ ಕೂಡಲೇ ತುಂಬಿಕೊಳ್ಳುತ್ತವೆ. ಸೋರಿಕೆಯನ್ನು ನೈಟ್ರೋಜನ್ ಒತ್ತಡದಲ್ಲಿ ಪರೀಕ್ಷಿಸಬೇಕು, ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಗಾಳಿ ತೇವ ತೆಗೆಯಬೇಕು. ಫ್ರಿಡ್ಜಿನದೇ ಕಂಪ್ರೆಸರಿನಿಂದ ಗಾಳಿ ಎಳೆಸುವುದು ಅದಕ್ಕೆ ಸಮನಲ್ಲ. ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ, ಫಲಕದಲ್ಲಿ ಬರೆದಷ್ಟೇ ತುಂಬಬೇಕು. ಒಟ್ಟು 50 ಗ್ರಾಂ ಬೇಕಾದಲ್ಲಿ 10 ಗ್ರಾಂ ಹೆಚ್ಚುಕಡಿಮೆಯಾದರೆ ಅದು ಐದರಲ್ಲಿ ಒಂದು ಪಾಲಿನ ತಪ್ಪು. ಒಂದು ಗ್ಯಾಸಿಗೆಂದು ಮಾಡಿದ ಕಂಪ್ರೆಸರಿಗೆ ಇನ್ನೊಂದನ್ನು ತುಂಬಲು ಒಪ್ಪಬಾರದು. ಆರ್-134ಎ ಜೊತೆ ಕಂಪ್ರೆಸರಿನಲ್ಲಿ ಬಳಸುವ ಎಣ್ಣೆಯೇ ಬೇರೆ, ಕ್ಯಾಪಿಲರಿಯ ಅಳತೆಯೇ ಬೇರೆ.

ಬಿಡಿಭಾಗದ ಆಯ್ಕೆಯಲ್ಲಿ ಫ್ರಿಡ್ಜಿನ ಬ್ರ್ಯಾಂಡ್ ಮತ್ತು ಲೀಟರ್ ಹೇಳಿದರೆ ಸಾಲುವುದಿಲ್ಲ. ಒಳಗೋಡೆಯಲ್ಲೋ ಹಿಂಬದಿಯಲ್ಲೋ ಅಂಟಿಸಿದ ಫಲಕದ ಪೂರ್ತಿ ಮಾದರಿ ಸಂಖ್ಯೆ, ಕೊನೆಯ ಅಕ್ಷರಗಳೂ ಸೇರಿದಂತೆ, ಬೇಕು; ಅದರ ಜೊತೆಗೆ ಕಳಚಿದ ಭಾಗದ ಮೇಲೆಯೇ ಮುದ್ರಿತವಾದ ಸಂಖ್ಯೆ ಇನ್ನೂ ಉತ್ತಮ. ಫ್ಯಾನ್ ಮೋಟಾರ್ ತರುವಾಗ ವೋಲ್ಟೇಜ್, ತಿರುಗುವ ದಿಕ್ಕು, ರೆಕ್ಕೆ ಕೂರಿಸುವ ಕಡ್ಡಿಯ ಉದ್ದ ಮೂರೂ ಹೊಂದಬೇಕು. ದಿಕ್ಕು ತಪ್ಪಿದರೆ ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ. ಓವರ್‌ಲೋಡ್ ಪ್ರೊಟೆಕ್ಟರ್ ಆ ಕಂಪ್ರೆಸರಿನ ಆಂಪಿಯರಿಗೇ ತಕ್ಕದ್ದಾಗಿರಬೇಕು. ದೊಡ್ಡದನ್ನು ಹಾಕಿದರೆ ಅದು ಕಾಯುವ ಕೆಲಸವನ್ನೇ ಮಾಡುವುದಿಲ್ಲ. ಆರ್-600ಎ ಫ್ರಿಡ್ಜಿನ ರಿಲೇ, ಸ್ವಿಚ್, ಥರ್ಮೋಸ್ಟಾಟುಗಳು ಕಿಡಿ ಹೊರಬಾರದಂತೆ ಮುಚ್ಚಿದ ಬಗೆಯವು, ಆದ್ದರಿಂದ ಬದಲಿಯೂ ಅಂಥದ್ದೇ ಇರಬೇಕು. ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಜಾರಿಗೆ ಬಂದ ನಿಯಮವೊಂದು ಈ ವಿಷಯದಲ್ಲಿ ಗಮನಾರ್ಹ: ಮಾದರಿಯೊಂದರ ಕೊನೆಯ ಫ್ರಿಡ್ಜ್ ಮಾರುಕಟ್ಟೆಗೆ ಬಂದ ನಂತರವೂ ಥರ್ಮೋಸ್ಟಾಟ್, ಸೆನ್ಸರ್, ಬೋರ್ಡ್, ದೀಪಗಳನ್ನು ಕನಿಷ್ಠ 7 ವರ್ಷ ವೃತ್ತಿಪರ ದುರಸ್ತಿಗಾರರಿಗೆ, ಬಾಗಿಲಿನ ಗ್ಯಾಸ್ಕೆಟ್ಟನ್ನು 10 ವರ್ಷ ಬಳಕೆದಾರರಿಗೂ ಸಿಗುವಂತೆ ತಯಾರಕರು ನೋಡಿಕೊಳ್ಳಬೇಕು. ಇಂಥ ಖಾತರಿ ಎಲ್ಲೆಡೆ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಒಂದು ಸಣ್ಣ ಸೆನ್ಸರ್ ಸಿಗದಿದ್ದರೆ ಇಡೀ ಯಂತ್ರ ವ್ಯರ್ಥವಾಗುತ್ತದೆ.

ಭಾಗ ಬದಲಿಸಿದ ಮೇಲೆ ಫ್ರಿಡ್ಜ್ ಸರಿಹೋಯಿತೇ ಎಂಬುದನ್ನು ಹತ್ತು ನಿಮಿಷದಲ್ಲಿ ಕೈಯಿಟ್ಟು ತೀರ್ಮಾನಿಸಲಾಗದು. ನಡುವಿನ ಹಂತದಲ್ಲಿ ಒಂದು ಲೋಟ ನೀರಿಟ್ಟು ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ, ಬಾಗಿಲು ಆದಷ್ಟು ಮುಚ್ಚಿಯೇ ಇಟ್ಟು, 24 ಗಂಟೆಯ ನಂತರ ನೋಡಬೇಕು. ಗಾಳಿಯ ಉಷ್ಣತೆ ಬಾಗಿಲು ತೆರೆದ ಕ್ಷಣ ಏರಿಬಿಡುತ್ತದೆ, ನೀರಿನದ್ದು ಏರುವುದಿಲ್ಲ. ಅಲ್ಲಿ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರಿನಲ್ಲಿ ಮೈನಸ್ 18ರ ಹತ್ತಿರ ಕಂಡರೆ, ಮತ್ತು ಕಂಪ್ರೆಸರ್ ಆಗಾಗ ನಿಂತು ವಿರಮಿಸುತ್ತಿದ್ದರೆ, ಕೆಲಸ ಸರಿಯಾಗಿದೆ. ಡಿಫ್ರಾಸ್ಟ್ ಭಾಗ ಬದಲಿಸಿದ್ದರೆ ಮಾತ್ರ ಒಂದು ದಿನ ಸಾಲದು. ಹಿಮ ಗಾಳಿಯ ದಾರಿ ಮುಚ್ಚಲು ಮೊದಲ ಸಲ ಎಷ್ಟು ದಿನ ತೆಗೆದುಕೊಂಡಿತ್ತೋ ಅಷ್ಟು ದಿನ ಕಾದು, ಆಮೇಲೆ ಹಿಂದಿನ ಫಲಕವನ್ನು ಇನ್ನೊಮ್ಮೆ ಬಿಚ್ಚಿ, ರೆಕ್ಕೆಗಳ ನಡುವಿನ ಬೆಳಕು ಕಾಣುತ್ತಿದೆಯೇ ಎಂದು ನೋಡಬೇಕು.